ಸುರಪುರಕ್ಕೆ ಟ್ರಂಕು ಒಯ್ದದ್ದು

ಏಷ್ಯಾ ಖಂಡದ ಒಂದು ಐತಿಹಾಸಿಕ ರಾಜಧಾನಿಯಲ್ಲಿ, ಕಡಿಮೆ ಖರ್ಚಿನಲ್ಲಿ, ಒಂದು ತಿಂಗಳು ಒಬ್ಬಳೇ ಇದ್ದು ಬರಬೇಕು. ಆ ಬೇಸಿಗೆ ರಜೆಗೆ ನಾನು ಹಾಕಿಕೊಂಡಿದ್ದ ಯೋಜನೆ ಇಷ್ಟೇ. ಇದರಲ್ಲಿ ತಪ್ಪೇನಾದರೂ ಕಾಣುತ್ತದೆಯೇ? ಆಗ ನನಗೂ ಕಾಣಿಸಿರಲಿಲ್ಲ.

ಈ ಹುಚ್ಚು ಹತ್ತಿಸಿದವರು ನಮ್ಮ ಕಾಲೇಜಿನ ಭೂಗೋಳದ ಮೇಡಂ. ಅವರು ಗಂಡನ ಜೊತೆ ಕಠ್ಮಂಡುವಿಗೆ ಹೋಗಿ, ಅಲ್ಲೊಂದು ಖೋಲಿ ಬಾಡಿಗೆಗೆ ಹಿಡಿದು, ರಜೆಯನ್ನೆಲ್ಲ ಅಲ್ಲೇ ಕಳೆದು ಬಂದಿದ್ದರು. ಆ ಫೋಟೋ ಆಲ್ಬಮ್ಮು ವರ್ಷವಿಡೀ ಸ್ಟಾಫ್ ರೂಮಿನಲ್ಲಿ ಹಾಜರಿ ಪುಸ್ತಕದ ಮೇಲೆಯೇ ಇರುತ್ತಿತ್ತು. ಕಠ್ಮಂಡು ನೋಡದೆ ಸಹಿ ಮಾಡುವಂತಿಲ್ಲ!

"ರಾಜಧಾನಿ ಅಂದ್ರ ಬಸ್ಸಿಳದು ಓಡ್ಯಾಡಿ ನೋಡಿ ಬರೂದಲ್ರಿ," ಎನ್ನುತ್ತಿದ್ದರು ಅವರು. "ಅಲ್ಲೇ ಒಲಿ ಹೂಡಬೇಕು. ಅಲ್ಲಿ ಸಂತ್ಯಾಗ ಕಾಯಿಪಲ್ಲೆ ತರಬೇಕು. ಅಂದ್ರ ಊರು ತಾನಾಗೇ ಬಂದು ನಿಮ್ಮ ಜೋಡಿ ಮಾತಾಡ್ತದ."

ನಾನು ಶಹಾಪುರದಲ್ಲಿ ಇತಿಹಾಸ ಕಲಿಸುವವಳು. ಹಂಪಿ, ಬೀದರ, ಆಗ್ರಾ ಎಲ್ಲವನ್ನೂ ಕರಿಹಲಗೆಯ ಮೇಲೆ ಕಟ್ಟಿದ್ದೇನೆ, ಗಂಟೆ ಬಾರಿಸಿದ ಕೂಡಲೇ ಒರೆಸಿದ್ದೇನೆ. ಕಣ್ಣಾರೆ ಕಂಡ ರಾಜಧಾನಿ ಬೆಂಗಳೂರೊಂದೇ. ಅದೂ ಉತ್ತರಪತ್ರಿಕೆ ತಿದ್ದಲು ಹೋದಾಗ!

ಕಠ್ಮಂಡು ನಮ್ಮ ಕೈಗೆ ನಿಲುಕುವಂಥದ್ದಲ್ಲ. ನಿಲುಕಿದರೂ ನನ್ನ ಗಂಡ ಶರಣಪ್ಪನವರಿಗೆ ರಜೆ ಸಿಗುವಂಥದ್ದಲ್ಲ. ಅವರು ಕಾಲುವೆ ಇಲಾಖೆಯವರು. ಕೃಷ್ಣೆಯ ನೀರು ನಮ್ಮ ಕಡೆಯ ಹೊಲಗಳಿಗೆ ಹರಿಯಲು ಶುರುವಾದ ಹೊಸತು ಅದು. ನಾವು ಇದ್ದದ್ದು ಕಾಲುವೆ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ. ನೀರು ಬಿಟ್ಟಾಗ ನೀರಿನ ಕೆಲಸ, ಬೇಸಿಗೆಯಲ್ಲಿ ನೀರು ನಿಂತಾಗ ಕಾಲುವೆ ರಿಪೇರಿಯ ಕೆಲಸ. ಇವೆರಡರ ನಡುವೆ ಹೆಂಡತಿಯ ಕೆಲಸಕ್ಕೆ ಹಂಗಾಮೇ ಇರಲಿಲ್ಲ.

ಹೀಗಿರುವಾಗ ಒಂದು ದಿನ ಪಾಠ ಮಾಡುತ್ತಲೇ ಹೊಳೆಯಿತು: ಸುರಪುರ! ನಾಯಕ ದೊರೆಗಳ ರಾಜಧಾನಿ. ಅರಮನೆ ಇದೆ. ಕೋಟೆ ಇದೆ. ದಿಲ್ಲಿಯ ದಂಡಿಗೇ ಬೆವರಿಳಿಸಿದ ವಂಶದ ಊರು. ಅದು ಏಷ್ಯಾ ಖಂಡದಲ್ಲಿದೆ ಎಂಬುದನ್ನು ಭೂಗೋಳದ ಮೇಡಂ ಕೂಡ ಅಲ್ಲಗಳೆಯಲಾರರು. ಮೇಲಾಗಿ ಶಹಾಪುರದಿಂದ ಕೆಂಪು ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ. ಆ ಹಾದಿಯಲ್ಲಿ ನೂರು ಸಲ ಹೋಗಿದ್ದೆ. ಆದರೆ ಪ್ರತಿಸಲ ಯಾವುದೋ ಮದುವೆಗೆ, ಯಾವುದೋ ತೊಟ್ಟಿಲಿಗೆ. ಊರು ನೋಡಲು ಅಲ್ಲ.

ಗಂಡನಿಗೆ ಹೇಳಿದೆ.

"ಸುರಪುರಕ್ಕ? ತಿಂಗಳಗಟ್ಲೆ?" ಎಂದರು. "ಚಿಗವ್ವನ ಮನ್ಯಾಗ ಇರ್ತೀಯೇನು?"

ನೀಲವ್ವ ಚಿಗವ್ವ ನನ್ನ ಅತ್ತೆಯ ಖಾಸಾ ತಂಗಿ. ಮುದನಾಳದಲ್ಲಿ ಹುಟ್ಟಿ ಸುರಪುರಕ್ಕೆ ಸೊಸೆಯಾಗಿ ಬಂದವಳು.

"ಇಲ್ರೀ, ಖೋಲಿ ಹಿಡೀತೀನಿ."

"ಚಿಗವ್ವ ಇರೂ ಊರಾಗ ಖೋಲಿ ಹಿಡೀತಿ? ಆಕಿಗೆ ಗೊತ್ತಾದ್ರ ನನ್ನ ಚರ್ಮ ಸುಲೀತಾಳ!"

"ಗೊತ್ತಾದ್ರ ತಾನೆ!"

ಈ ಮಾತನ್ನು ಎಂಥ ಧೈರ್ಯದಿಂದ ಹೇಳಿದೆನೋ! ಚಿಗವ್ವ ಕೆಟ್ಟವಳೇನಲ್ಲ. ಆದರೆ ಅವಳ ಮನೆಗೆ ಹೋದರೆ ನಾನು ಸೊಸೆ. ತಲೆಯ ಮೇಲೆ ಸೆರಗು, ಕೈಯಲ್ಲಿ ರೊಟ್ಟಿ ಹಿಟ್ಟು, ಬಂದ ಬೀಗರಿಗೆಲ್ಲ ಚಹಾ. ಹುಟ್ಟಿದಾಗಿನಿಂದ ನಾನು ಯಾವ ಊರಿನಲ್ಲಿದ್ದರೂ ಒಬ್ಬರ ಮಗಳಾಗಿ, ಒಬ್ಬರ ಸೊಸೆಯಾಗಿ, ಒಬ್ಬರ ಹೆಂಡತಿಯಾಗಿ ಇದ್ದೇನೆ. ಒಂದು ತಿಂಗಳು, ಒಂದೇ ಒಂದು ತಿಂಗಳು, ಯಾರ ಏನೂ ಆಗದೆ ಒಂದು ಊರಿನಲ್ಲಿ ಇರಬೇಕಿತ್ತು. ನಿಜವಾಗಿ ನನಗೆ ಬೇಕಾಗಿದ್ದ ಐಷಾರಾಮ ಅದೊಂದೇ. ಅರಮನೆ ಅದರ ಮೇಲಿನ ತುಪ್ಪ.

ಗಂಡ ಒಪ್ಪಿದರು. ಅಥವಾ ಒಪ್ಪಿದರೆಂದು ನನ್ನ ನೆನಪು. ನನ್ನ ನೆನಪಿನ ಬಗ್ಗೆ ಒಂದು ಮಾತು ಹೇಳಿಬಿಡಬೇಕು: ನಾನು ದಿನಾ ದಿನಚರಿ ಬರೆಯುವವಳು. ಬರೆದದ್ದನ್ನು ವರ್ಷದ ಮೇಲೆ ಓದಿದರೆ, ನೆನಪಿರುವುದು ಒಂದು, ಬರೆದಿರುವುದು ಇನ್ನೊಂದು. ನಡೆದದ್ದು ಬಹುಶಃ ಮೂರನೆಯದು. ಹಾಗಾಗಿ ಈ ಕತೆಯಲ್ಲಿ ಎಲ್ಲಾದರೂ ನಾನು ತೀರಾ ಜಾಣೆಯಾಗಿ ಕಂಡರೆ ಅಲ್ಲಿ ನೀವು ನಂಬಬೇಕಾಗಿಲ್ಲ.

ಇನ್ನು ಸಾಮಾನು. ಕಡಿಮೆ ಖರ್ಚಿನ ವಾಸ್ತವ್ಯವೆಂದರೆ ಕೈಯಡುಗೆ. ಸ್ಟವ್ವು, ಎರಡು ಪಾತ್ರೆ, ಜೋಳದ ಹಿಟ್ಟು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಹಾಸಿಗೆ, ಪುಸ್ತಕ. ಮನೆಯಲ್ಲಿದ್ದ ಸೂಟ್‌ಕೇಸಿನ ಕೊಂಡಿ ಮುರಿದಿತ್ತು. ಇಷ್ಟೆಲ್ಲ ಹಿಡಿಸುವುದು ಒಂದೇ ವಸ್ತುವಿನಲ್ಲಿ: ಮಂಚದ ಕೆಳಗಿದ್ದ ನನ್ನ ಮದುವೆಯ ಟ್ರಂಕು. ಹಸಿರು ಬಣ್ಣ, ಮೇಲೆ ಎರಡು ಗುಲಾಬಿ, ನಡುವೆ ನನ್ನ ಹೆಸರು: ಸೌ. ಪಾರ್ವತಿ.

ನಮ್ಮ ಕಡೆ ಈ ತವರಿನ ಟ್ರಂಕಿಗೆ ಒಂದು ರಿವಾಜಿದೆ. ಮದುವೆಯಾದಾಗ ಹುಡುಗಿಯ ಜೊತೆ ಅದು ಗಂಡನ ಮನೆಗೆ ಬರುತ್ತದೆ. ಆಮೇಲೆ ಹಬ್ಬಕ್ಕೆ ಹೋಗಲಿ, ಬಾಣಂತನಕ್ಕೆ ಹೋಗಲಿ, ಹೆಣ್ಣುಮಗಳು ಕೈಚೀಲ ಹಿಡಿದೇ ಹೋಗುತ್ತಾಳೆ. ಟ್ರಂಕು ಅಲುಗುವುದಿಲ್ಲ. ಅದು ಮತ್ತೆ ಹೊಸ್ತಿಲು ದಾಟುವುದು ಒಂದೇ ಸಂದರ್ಭದಲ್ಲಿ: ಸಂಸಾರ ಮುರಿದಾಗ. ಈ ರಿವಾಜು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಂ.ಎ. ಓದುವಾಗ 'ಗ್ರಾಮೀಣ ವಿವಾಹ ಪದ್ಧತಿಗಳು' ಎಂಬ ಪ್ರಶ್ನೆಗೆ ಎರಡು ಪುಟ ಬರೆದಿದ್ದೆ! ಪರೀಕ್ಷೆಯಲ್ಲಿ ಬರೆದದ್ದು ಬದುಕಿನಲ್ಲಿ ನೆನಪಿಗೆ ಬರಬೇಕೆಂಬ ನಿಯಮ ಎಲ್ಲಿದೆ?

ಗಂಡನೇ ಟ್ರಂಕನ್ನು ಬಸ್ಸಿನ ಮೇಲೆ ಏರಿಸಿದರು. ಬಸ್ಸು ಹೊರಡುವಾಗ ಕಿಟಕಿಯಿಂದ ನಾನು ಏನೋ ಹೇಳಿದೆ. "ಊಟ ಸರಿಯಾಗಿ ಮಾಡ್ರಿ" ಎಂದೆ, ನನ್ನ ನೆನಪಿನ ಪ್ರಕಾರ.

ಸುರಪುರ ಬೇರೆ ಊರುಗಳ ಹಾಗೆ ದೂರದಿಂದಲೇ ಹಲ್ಲು ಕಿಸಿಯುವ ಊರಲ್ಲ. ಬಯಲಿನಲ್ಲಿ ಹೋಗುತ್ತಿದ್ದ ಬಸ್ಸು ಇದ್ದಕ್ಕಿದ್ದಂತೆ ಗುಡ್ಡಗಳ ಸಂದಿಗೆ ನುಗ್ಗುತ್ತದೆ. ಒಂದರ ಮೇಲೊಂದು ಪೇರಿಸಿದ ಆನೆಗಾತ್ರದ ಬಂಡೆಗಳು. ಇನ್ನೇನು ಹಾದಿ ಮುಗಿಯಿತು ಎನ್ನುವಾಗ ಬಂಡೆಗಳ ಬೊಗಸೆಯೊಳಗೆ ಊರು ಕಾಣುತ್ತದೆ: ಬಿಳಿ ಗಚ್ಚಿನ ಗೋಡೆ, ಮಣ್ಣಿನ ಮಾಳಿಗೆ, ಗುಡಿಯ ಗೋಪುರ, ಅರಮನೆಯ ಕಮಾನು. ರಾಜಧಾನಿ ಎಲ್ಲಿ ಕಟ್ಟಬೇಕೆಂದು ತಿಳಿದವರು ಕಟ್ಟಿದ ಊರು. ನೂರು ಸಲ ಬಂದರೂ ನೋಡದೇ ಹೋದೆನಲ್ಲ ಎಂದು ಮೊದಲ ಸಲ ನಾಚಿಕೆಯಾಯಿತು.

ಅರಮನೆಯ ಹಿಂದಿನ ಓಣಿಯಲ್ಲಿ ಖೋಲಿ ಸಿಕ್ಕಿತು. ಮನೆಯವಳು ಸಿದ್ದವ್ವ. ಮಕ್ಕಳೆಲ್ಲ ಮದುವೆಯಾಗಿ ಹೋಗಿ, ಒಬ್ಬಳೇ ಇದ್ದ ಹಿರಿಯ ಹೆಂಗಸು. ಮಾಳಿಗೆಯ ಮೇಲಿನ ಖೋಲಿ. ಮೊಳಕ್ಕಿಂತ ದಪ್ಪನೆಯ ಗೋಡೆ, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ಮಣ್ಣಿನ ಕೊಡದ ತಂಪು. ಕಿಟಕಿ ತೆಗೆದರೆ ಎದುರಿಗೇ ಅರಮನೆಯ ಗೋಡೆ. ಕಠ್ಮಂಡುವಿನಲ್ಲಿ ಇಂಥದ್ದಿದೆಯೇ?

"ನಿಮ್ಮ ಮಂದಿ ಯಾರದಾರ್ರಿ ಇಲ್ಲಿ?" ಸಿದ್ದವ್ವ ಕೇಳಿದಳು.

"ಯಾರೂ ಇಲ್ಲವಾ," ಎಂದೆ. ಮೊದಲ ಸುಳ್ಳು.

"ಯಜಮಾನ್ರು?"

"ಶಾಪುರದಾಗ ಅದಾರ."

"ಅವರೂ ಬರ್ತಾರೇನು, ಹಿಂದಿಂದ?"

"ಇಲ್ಲ. ನಾ ಒಬ್ಬಾಕಿನೇ ಇರಾಕ ಬಂದೀನಿ."

ಸಿದ್ದವ್ವನ ಕಣ್ಣು ನನ್ನ ಮುಖ ಬಿಟ್ಟು ಟ್ರಂಕಿನ ಮೇಲೆ ಹೋಯಿತು. ಗುಲಾಬಿಗಳನ್ನು ನೋಡಿದಳು. ಹೆಸರನ್ನು ನೋಡಿದಳು. ಧ್ವನಿ ಇಳಿಸಿ ಕೇಳಿದಳು: "ಎಷ್ಟು ದಿನಕ್ಕರಿ ಅಕ್ಕೋರ?"

"ಸದ್ಯ ಒಂದು ತಿಂಗಳು."

"ಆಮ್ಯಾಲ?"

ಊರು ಅಷ್ಟು ಹಿಡಿಸಿಬಿಟ್ಟಿತ್ತಲ್ಲ! ಉಬ್ಬಿ ಹೇಳಿದೆ: "ಆಮ್ಯಾಲಿಂದು ಆಮ್ಯಾಲ ನೋಡೂಣು. ಹೊಳ್ಳಿ ಹೋಗಾಕ ಮನಸ್ಸಾಗಬೇಕಲ್ಲ!"

ಸಿದ್ದವ್ವ ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟು ನನ್ನ ತಲೆ ಸವರಿದಳು. ಆಹಾ, ಎಂಥ ರಾಜಧಾನಿ! ಎಂಥ ಸಂಸ್ಕಾರ!

ಮರುದಿನ ಸ್ಟವ್ ಹೊತ್ತಿಸಲು ಕೂತೆ. ಪಕ್ಕದ ಮನೆಯಿಂದ ಬಿಸಿ ರೊಟ್ಟಿ ಬಂತು. ಹಿಂದೆಯೇ ಎದುರು ಮನೆಯಿಂದ ಎಣ್ಣೆಗಾಯಿ. ಸಂಜೆಗೆ ಮೂಲೆಯ ಮನೆಯ ಬೀಬಮ್ಮ ಖಿಚಡಿ ಕೊಟ್ಟಳು. ಜೊತೆಗೆ ಒಂದು ಕಪ್ಪು ದಾರವನ್ನು ನನ್ನ ತೋಳಿಗೆ ತಾನೇ ಕಟ್ಟಿ, "ಸಬ್ ಠೀಕ್ ಆಗ್ತದ ಬೇಟಿ, ಅವರ ದಿಲ್ ತಿರುಗ್ತದ" ಎಂದಳು. ಯಾರ ದಿಲ್ಲು, ಯಾವ ಕಡೆಗೆ ಎಂದು ನಾನು ಕೇಳಲಿಲ್ಲ. ಹೊಸಬರಿಗೆ ದೃಷ್ಟಿ ತಾಕದಿರಲೆಂದು ಇಲ್ಲಿಯ ಪದ್ಧತಿ ಇರಬೇಕು ಎಂದುಕೊಂಡೆ. ನಾನು ತಂದ ಹಿಟ್ಟಿನ ಚೀಲದ ಬಾಯಿ ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಮಧ್ಯಾಹ್ನ ಓಣಿಯ ಹೆಂಗಸರು ಬಂದು ನನ್ನ ಸುತ್ತ ಕೂರುತ್ತಿದ್ದರು. ಅರಮನೆಯ ಬಗ್ಗೆ ಕೇಳಿದರೆ ತಮ್ಮ ಗಂಡಂದಿರ ಬಗ್ಗೆ ಹೇಳುತ್ತಿದ್ದರು. ಒಬ್ಬಳ ಗಂಡ ಇಸ್ಪೀಟಿನಲ್ಲಿ ಎಮ್ಮೆ ಸೋತಿದ್ದ. ಇನ್ನೊಬ್ಬಳ ಗಂಡ ಸಿಟ್ಟು ಬಂದರೆ ಮಾತು ಬಿಟ್ಟು ಸುಗ್ಗಿ ಮುಗಿಯುವ ತನಕ ಕೈಸನ್ನೆಯಲ್ಲೇ ಊಟ ಕೇಳುತ್ತಿದ್ದ. "ನಾವೂ ಸಹಿಸ್ಕೊಂಡೀವಿ ಅಕ್ಕೋರ. ಧೈರ್ಯ ಕೆಡಬ್ಯಾಡ್ರಿ," ಎಂದು ಎದ್ದು ಹೋಗುತ್ತಿದ್ದರು. ನಾನು ಇದನ್ನೆಲ್ಲ 'ಮೌಖಿಕ ಇತಿಹಾಸ' ಎಂಬ ತಲೆಬರಹದಡಿ ಬರೆದುಕೊಂಡೆ. ವಿಶ್ವವಿದ್ಯಾಲಯದಲ್ಲಿ ನನಗೆ ಪಾಠ ಹೇಳಿದವರು ಕಂಡಿದ್ದರೆ ಹೆಮ್ಮೆಪಡುತ್ತಿದ್ದರು. ಪರಸ್ಥಳದ ಹೆಣ್ಣಿನ ಮುಂದೆ ಊರು ಹೀಗೆ ಮನಸ್ಸು ಬಿಚ್ಚುವುದೆಂದರೇನು! ಭೂಗೋಳದ ಮೇಡಂಗೆ ಕಠ್ಮಂಡುವಿನಲ್ಲಿ ಯಾರಾದರೂ ಎಮ್ಮೆ ಸೋತ ಕತೆ ಹೇಳಿದ್ದರೇ?

ಅರಮನೆ ನೋಡಲು ಮಾತ್ರ ಹೋಗಲಾಗಲಿಲ್ಲ. ಚಪ್ಪಲಿ ಮೆಟ್ಟಿದ ಕೂಡಲೇ ಯಾರೋ ಒಬ್ಬರು ಊಟ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಇರಲಿ, ಒಂದು ತಿಂಗಳಿದೆಯಲ್ಲ ಎಂದು ಸುಮ್ಮನಿದ್ದೆ.

ಹೀಗೊಂದು ಮಧ್ಯಾಹ್ನ ಕೆಳಗಿನಿಂದ ಒಂದು ಕಂಚಿನ ಕಂಠ ಕೇಳಿಸಿತು.

"ಎಲ್ಲದಾಳ ಸಿದ್ದವ್ವ, ಆ ಶಾಪುರದ ಅಕ್ಕೋರು? ಓಣ್ಯಾಗೆಲ್ಲಾ ಅದೇ ಮಾತು. ಇಷ್ಟು ಕಲ್ತಾಕೀಗೆ ಟ್ರಂಕ್ ಎತ್ಕೊಂಡು ಹೊಂಡೂ ಹಂಗ ಮಾಡ್ಯಾನಂದ್ರ ಅವ ಎಂಥಾ ಗಂಡಸವಾ! ಅವನ ಕೈ ಸೇದಿ ಹೋಗ್ಲಿ!"

ಆಗ, ಆ ಕ್ಷಣದಲ್ಲಿ, ನನಗೆ ಎಲ್ಲವೂ ಅರ್ಥವಾಯಿತು. ಮಜ್ಜಿಗೆ, ರೊಟ್ಟಿ, ಕಪ್ಪು ದಾರ, ಸೋತ ಎಮ್ಮೆ. ಎರಡು ಪುಟದ ಉತ್ತರವೂ ನೆನಪಾಯಿತು. ಆದರೆ ಅದಕ್ಕಿಂತ ಭಯಂಕರವಾದ ಇನ್ನೊಂದು ಸಂಗತಿಯೂ ಗೊತ್ತಾಯಿತು: ಆ ಕಂಠ ನನಗೆ ಚೆನ್ನಾಗಿ ಪರಿಚಿತ!

ಕಂಠ ಮೆಟ್ಟಿಲು ಹತ್ತುತ್ತ ಮುಂದುವರಿಯಿತು. "ಅವನ ಹೆತ್ತಾಕಿ ಎಂಥಾಕಿ ಇರಬೇಕು! ಹಾಲು ಕುಡಿಸಿ ಬೆಳಸ್ಯಾಳೊ, ಕಳ್ಳಿ ಹಾಲು ಕುಡಿಸಿ ಬೆಳಸ್ಯಾಳೊ! ಆಕಿ ಹುಟ್ಟಿದ ಮನಿತನಕ್ಕಷ್ಟು ಬೆಂಕಿ ಹಚ್ಚ..."

ಬಾಗಿಲಲ್ಲಿ ನೀಲವ್ವ ಚಿಗವ್ವ ನಿಂತಿದ್ದಳು. ಕೈಯಲ್ಲಿ ರೊಟ್ಟಿಯ ಗಂಟು. ನನಗೆ ಮಂಚದ ಕೆಳಗೆ ಹೋಗುವ ಆಲೋಚನೆ ಬಂದದ್ದು ನಿಜ. ಖೋಲಿಯಲ್ಲಿ ಮಂಚವಿರಲಿಲ್ಲ.

"ಪಾರವ್ವಾ?" ಎಂದಳು.

"ಬರ್ರಿ ಚಿಗವ್ವ, ಕುಂಡ್ರ್ರಿ," ಎಂದೆ. ಮತ್ತೇನು ಹೇಳಲಿ?

ಅವಳು ಕೂತದ್ದು ಟ್ರಂಕಿನ ಮೇಲೆಯೇ. ಆಮೇಲೆ ಎದ್ದು, ತಿರುಗಿ, ಅದರ ಮೇಲಿನ ಹೆಸರು ನೋಡಿ ಮತ್ತೆ ಕೂತಳು. ಇಷ್ಟು ಹೊತ್ತು ಅವಳು ಶಪಿಸಿದ್ದು ಸ್ವಂತ ಅಕ್ಕನ ಮಗನನ್ನು. ಕಳ್ಳಿ ಹಾಲು ಕುಡಿಸಿದ್ದು ಸ್ವಂತ ಅಕ್ಕ. ಬೆಂಕಿ ಹಚ್ಚಲು ಹೊರಟದ್ದು ತನ್ನದೇ ತವರಿಗೆ!

"ಚಿಗವ್ವ, ನೀವು ತಿಳಕೊಂಡಂಗಿಲ್ಲ. ನಾ ಊರು ನೋಡಾಕ ಬಂದೀನಿ."

"ಟ್ರಂಕ್ ತಗೊಂಡು?"

"ಸೂಟ್‌ಕೇಸ್ ಕೊಂಡಿ ಮುರದಿತ್ರಿ."

"ಸುಳ್ಳಾರ ಛಂದ ಹೇಳವಾ!" ಚಿಗವ್ವನ ಕಣ್ಣಲ್ಲಿ ನೀರು ಬಂತು. "ಮನಿ ಬಿಟ್ಟಿ. ಬಿಡ್ತಾರ, ಹೆಣ್ಮಕ್ಕಳು ತಾಳಲಾರದ ಒಮ್ಮೊಮ್ಮೆ ಬಿಡ್ತಾರ. ಆದ್ರ ಮನಿ ಬಿಟ್ಟು, ನಾ ಇರೂ ಊರಿಗೇ ಬಂದು, ನನ್ನ ಬಾಗಿಲಿಗೆ ಬರದ ಮಂದಿ ಮನ್ಯಾಗ ಖೋಲಿ ಹಿಡಿದೀ? ನಾ ಸತ್ತಿದ್ನೇನು?"

ಗಂಡನನ್ನು ಬಿಟ್ಟದ್ದು ಸಣ್ಣ ಅಪರಾಧ, ಚಿಗವ್ವನನ್ನು ಬಿಟ್ಟದ್ದು ದೊಡ್ಡದು! ಯಾರ ಏನೂ ಆಗದೆ ಇರಬೇಕೆಂದು ಬಂದವಳು ಒಂದೇ ಏಟಿಗೆ ಇಡೀ ಊರಿನ ದುಃಖಿತ ಮಗಳೂ, ಚಿಗವ್ವನ ದ್ರೋಹಿ ಸೊಸೆಯೂ ಆಗಿಬಿಟ್ಟಿದ್ದೆ.

ಸಂಜೆಯ ಬಸ್ಸಿಗೆ ಶಹಾಪುರಕ್ಕೆ ಸುದ್ದಿ ಹೋಯಿತು. ಕಂಡಕ್ಟರ್ ಬಾಯಿಂದ ಕಾಲುವೆ ಕ್ಯಾಂಪಿಗೆ ಮುಟ್ಟುವಷ್ಟರಲ್ಲಿ ಅದು ಹೇಗೆ ಬೆಳೆದಿತ್ತೋ ಏನೋ, ಮರುದಿನ ಇಳಿಹೊತ್ತಿಗೆ ನನ್ನ ಗಂಡ ಕೆಲಸದ ಅಂಗಿಯಲ್ಲೇ, ಮೈತುಂಬ ಸಿಮೆಂಟಿನ ಧೂಳು ಹೊತ್ತು ಬಂದಿಳಿದರು. ಸಿದ್ದವ್ವ ಅವರನ್ನು ಹೊಸ್ತಿಲು ದಾಟಗೊಡಲಿಲ್ಲ. "ಇಲ್ಲೇ ಕಟ್ಟಿ ಮ್ಯಾಲ ಕುಂಡ್ರ್ರಿ. ಫೈಸಲಾ ಆಗೂತನಕ ಮ್ಯಾಲ ಹೋಗಂಗಿಲ್ಲ," ಎಂದಳು. ನಾನು ಮಾಳಿಗೆಯ ಕಿಟಕಿಯಿಂದ ಬಗ್ಗಿದೆ. ಅವರು ಕೆಳಗಿನಿಂದ ಮುಖ ಎತ್ತಿದರು. ಗಡ್ಡ ಬೆಳೆದಿತ್ತು.

"ಹೌದೇನು?" ಎಂದರು.

"ಏನು ಹೌದೇನು?"

"ಬಿಟ್ಟು ಬಂದೀಯೇನು?"

"ನೀವೇ ಬಸ್ಸಿಗೆ ಹತ್ತಿಸೀರಲ್ರೀ!"

"ಹತ್ತಿಸೀನಿ. ಆದ್ರ ಬಸ್ ಬಿಡೂ ಮುಂದ ಒಂದು ಮಾತಂದಿ. ಆವತ್ತಿಂದ ಅದೇ ತಲ್ಯಾಗ ತಿರುಗಾಕತ್ತದ."

"ಊಟ ಸರಿಯಾಗಿ ಮಾಡ್ರಿ ಅಂದೆ."

"ಇಲ್ಲ. 'ಇನ್ನ ನೀವಾತು, ನಿಮ್ಮ ಕಾಲುವಿ ಆತು' ಅಂದಿ."

ನಾನು ದಿನಚರಿ ತೆಗೆದು ನೋಡಿದೆ. ಆ ದಿನ ಬರೆದಿದ್ದೆ: 'ಬಸ್ಸು ತಡ. ಕಿಟಕಿ ಸೀಟು ಸಿಕ್ಕಿತು.' ಇಷ್ಟೇ! ದಾಂಪತ್ಯದ ಅತಿಮುಖ್ಯ ವಾಕ್ಯವನ್ನು ಬಿಟ್ಟು ಸೀಟಿನ ಬಗ್ಗೆ ಬರೆದ ಇತಿಹಾಸಕಾರ್ತಿ ನಾನು. ನಗು ಬರಬೇಕಿತ್ತು. ಬರಲಿಲ್ಲ. ಆ ಮನುಷ್ಯನ ಮುಖದಲ್ಲಿ ನಿಜವಾದ ಹೆದರಿಕೆ ಇತ್ತು. ಆ ಮಾತು ಅಂದಿದ್ದೆನೋ ಇಲ್ಲವೋ? ಅಂದಿದ್ದರೆ ನಗುತ್ತ ಅಂದೆನೋ, ಸಿಟ್ಟಿನಿಂದ ಅಂದೆನೋ? ತಿಂಗಳು ಪೂರ್ತಿ ಒಬ್ಬಳೇ ಇರಬೇಕೆನಿಸಿದ್ದು ಬರೀ ಊರು ನೋಡುವ ಆಸೆಯಿಂದಲೋ? ಊರೆಲ್ಲ ಒಂದೇ ಮಾತು ಹೇಳುತ್ತಿರುವಾಗ ಒಬ್ಬಳ ನೆನಪು ಎಷ್ಟು ಹೊತ್ತು ನಿಲ್ಲುತ್ತದೆ?

ಅಷ್ಟರಲ್ಲಿ ಬೇವಿನ ಮರದ ಕಟ್ಟೆಯ ಸುತ್ತ ಓಣಿಯೆಲ್ಲ ನೆರೆಯಿತು. ನಡುವೆ ಬಿಳಿ ರುಮಾಲಿನ ಮಾನಪ್ಪ ಮುತ್ಯಾ. ಓಣಿಯ ಜಗಳಗಳನ್ನೆಲ್ಲ ಬಗೆಹರಿಸುವ ಹಿರಿಯ. ನನ್ನನ್ನೂ ಕೆಳಗೆ ಕರೆದರು. ಗಂಡ ಒಂದು ತುದಿ, ನಾನು ಒಂದು ತುದಿ. ನಡುವೆ ಸಾಕ್ಷಿಗೆಂದು ಟ್ರಂಕನ್ನೂ ತಂದಿಟ್ಟರು!

"ತಕರಾರು ಏನದ, ಹೇಳವಾ ಮಗಳ," ಎಂದ ಮುತ್ಯಾ.

"ತಕರಾರೇ ಇಲ್ರಿ ಮುತ್ಯಾ. ನಾ ಸುರಪುರ ನೋಡಾಕ ಬಂದೀನಿ."

"ಸುರಪುರದಾಗ ಏನದವಾ ನೋಡಾಕ?"

ಇದಕ್ಕೇ ಕಾದಿದ್ದೆ! ಎದ್ದು ನಿಂತು ಹೇಳತೊಡಗಿದೆ. ಈ ಬಂಡೆಗಳ ನಡುವೆ ರಾಜಧಾನಿ ಕಟ್ಟಿದವರ ಬುದ್ಧಿ ಎಂಥದ್ದು, ಸಣ್ಣ ಸಂಸ್ಥಾನವೊಂದು ದೊಡ್ಡ ದೊಡ್ಡ ದಂಡುಗಳನ್ನು ಹೇಗೆ ಎದುರು ಹಾಕಿಕೊಂಡಿತು, ಈ ದೊರೆಗಳ ನೆರಳಿನಲ್ಲಿ ಚಿತ್ರ ಬರೆಯುವವರು ಬಂಗಾರದ ರೇಕು ಅಂಟಿಸಿ ಎಂಥ ಚಿತ್ರ ಬರೆದರು, ಸಂಜೆ ಈ ಗುಡ್ಡಗಳು ತಾಮ್ರದ ಕೊಡದಂತೆ ಹೇಗೆ ಹೊಳೆಯುತ್ತವೆ, ಇದನ್ನು ಬಿಟ್ಟು ಜನ ಕಠ್ಮಂಡುವಿಗೆ ಯಾಕೆ ಹೋಗುತ್ತಾರೆ. ತರಗತಿಯಲ್ಲೂ ನಾನು ಅಷ್ಟು ಚೆನ್ನಾಗಿ ಮಾತಾಡಿದ್ದಿಲ್ಲ. ಮುಗಿಸಿ, ಸೆರಗು ಸರಿಮಾಡಿಕೊಂಡು ಕೂತೆ.

ಮುತ್ಯಾ ನಿಧಾನಕ್ಕೆ ಸಿದ್ದವ್ವನ ಕಡೆ ತಿರುಗಿದ. "ಊಟ ಮಾಡ್ಯಾಳೇನು?"

"ಮಾಡ್ಯಾಳ್ರಿ."

"ನಿದ್ದಿ?"

"ಬರಂಗಿಲ್ರಿ, ಪಾಪ. ದೀಪ ಹಚ್ಚಿ ಬರಕೋತ ಕುಂಡ್ರತಾಳ."

ಮುತ್ಯಾ ನಿಟ್ಟುಸಿರಿಟ್ಟ. "ನೋಡು ಮಗಳ, ತಕರಾರಿಲ್ಲಂದ್ರ ಫೈಸಲಾ ಹೆಂಗ ಮಾಡಬೇಕು? ಮುಚ್ಚಿಟ್ಟ ಗಾಯ ಮಾಗಂಗಿಲ್ಲ. ಸಣ್ಣದಾರ ಒಂದು ಹೇಳು."

ನನಗೂ ಸಾಕಾಗಿತ್ತು. ಒಂದು ಸಣ್ಣ ತಕರಾರು ಕೊಟ್ಟು ಬಿಡುಗಡೆ ಪಡೆದು ಖೋಲಿಗೆ ಹೋಗೋಣ ಎಂದುಕೊಂಡೆ. "ಮತ್ತೇನಿಲ್ರಿ, ಇವರು ಕಾಲುವಿ ಬಿಟ್ಟು ಬ್ಯಾರೆ ಮಾತಾಡಂಗಿಲ್ಲ," ಎಂದೆ.

ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ! ತೂಬು ಕಿತ್ತಂತಾಯಿತು. ಮದುವೆಯಾದ ದಿನದ ನೆನಪಿಗೆಂದು ಹೊರಗೆ ಕರೆದುಕೊಂಡು ಹೋಗಿ ತೋರಿಸಿದ್ದು ಹಳ್ಳದ ಮೇಲೆ ಕಟ್ಟಿದ ಕಾಲುವೆ ಸೇತುವೆ. ಹೊಸ ಸೀರೆ ಉಟ್ಟು ಹೇಗಿದೆ ಎಂದರೆ "ಹೂಳಿನ ಬಣ್ಣ, ಬೇಸ್ ಅದ" ಎಂದು ಮೆಚ್ಚಿದರು. ಜ್ವರ ಬಂದಾಗ ಹಣೆ ಮುಟ್ಟಿ "ಲೆವೆಲ್ ಏರ್‍ಯಾದ" ಎಂದರು. ಎಲ್ಲವೂ ಹೊರಬಂತು. ಹೆಂಗಸರು ಪ್ರತಿಯೊಂದಕ್ಕೂ "ಅಯ್ಯ, ಅಯ್ಯ" ಎಂದು ಗಲ್ಲಕ್ಕೆ ಕೈ ಹಚ್ಚಿದರು. ಸುಳ್ಳು ತಕರಾರೆಂದು ಶುರುಮಾಡಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ!

ಮುತ್ಯಾ ನನ್ನ ಗಂಡನ ಕಡೆ ನೋಡಿದ. "ನೀ ಏನಂತೀಪಾ ಎಂಜಿನಿಯರ?"

ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. "ಆಕಿ ಹೇಳಿದ್ದು ಖರೇ ಅದರಿ. ನನಗ ಬ್ಯಾರೆ ಮಾತು ಬರಂಗಿಲ್ಲ. ಆಕಿ ಕಾಲೇಜಿಂದ ಬಂದು ದಿನಾ ರಾಜರ ಕತಿ ಹೇಳ್ತಾಳ. ಯಾವ ರಾಜ ಯಾರನ್ನ ಕೊಂದ, ಯಾವನು ಹೆಂಗ ಸತ್ತ. ನಾ ರೊಟ್ಟಿ ತಿನ್ಕೋತ ಕೇಳ್ತೀನಿ. ಆಕಿ ಇಲ್ಲಿಗೆ ಬಂದ ಮ್ಯಾಲ ನಮ್ಮನ್ಯಾಗ ಒಬ್ಬ ರಾಜಾನೂ ಸತ್ತಿಲ್ರಿ. ಮನಿ ಭಾಳ ಭಣಭಣ ಅನಸ್ತದ."

ಕಟ್ಟೆಯ ಸುತ್ತ ಯಾರೋ ಮೂಗು ಸೀಟಿದರು. ಬೀಬಮ್ಮ ನನ್ನ ತೋಳಿನ ಕಪ್ಪು ದಾರವನ್ನು ಎಲ್ಲರಿಗೂ ತೋರಿಸಿ, "ನಾ ಹೇಳಿರಲಿಲ್ಲೇನು!" ಎಂದಳು. ನಾನು ಯಾವ ಕಡೆ ನೋಡಬೇಕೆಂದು ತಿಳಿಯದೆ ಟ್ರಂಕಿನ ಮೇಲಿನ ಗುಲಾಬಿ ನೋಡಿದೆ.

ಮುತ್ಯಾ ಫೈಸಲಾ ಹೇಳಿದ. ರಿವಾಜಿನಂತೆ ಗಂಡ ಹೆಂಡತಿ ಕೂಡಿ ಬಜಾರಿನಲ್ಲಿ ಎಲ್ಲರೂ ನೋಡುವ ಹಾಗೆ ನಡೆದುಹೋಗಿ ಗುಡಿಯಲ್ಲಿ ಕಾಯಿ ಒಡೆಸಬೇಕು. ಹಾದಿಯಲ್ಲಿ ಗಂಡ ಕಾಲುವೆಯ ಹೆಸರೆತ್ತಬಾರದು. ಆಮೇಲೆ ಟ್ರಂಕನ್ನು ತಾನೇ ಹೊತ್ತು ಹೆಂಡತಿಯನ್ನು ಮನೆಗೆ ಕರೆದೊಯ್ಯಬೇಕು.

"ಮುತ್ಯಾ, ನನ್ನ ತಿಂಗಳು ಇನ್ನೂ ಭಾಳ ಉಳದದರಿ!" ಎಂದೆ, ಅಳುವ ಧ್ವನಿಯಲ್ಲಿ.

"ಉಳದದ್ದು ಗಂಡನ ಮನ್ಯಾಗ ಪೂರಾ ಮಾಡು. ರಾಜಿ ಆದ ಮ್ಯಾಲ ಒಬ್ಬಾಕಿ ಇಲ್ಲಿ ಉಳದ್ರ ಅವನ ಇಜ್ಜತ್ ಏನಾಗ್ಬೇಕು? ನಮ್ಮ ಇಜ್ಜತ್ ಏನಾಗ್ಬೇಕು?"

ಫೈಸಲಾ ಅಂದರೆ ಫೈಸಲಾ. ಆ ರಾತ್ರಿ ನಾವಿಬ್ಬರೂ ಚಿಗವ್ವನ ಮನೆಯಲ್ಲಿ ಉಂಡೆವು. ಮರುದಿನ ಬೆಳಿಗ್ಗೆ ಬಜಾರಿನಲ್ಲಿ ಮೆರವಣಿಗೆ. ಮುಂದೆ ನಾವಿಬ್ಬರು, ಹಿಂದೆ ಓಣಿ. ಅಂಗಡಿಯವರು ತಕ್ಕಡಿ ಕೆಳಗಿಟ್ಟು ನೋಡಿದರು. ಮನೆಮನೆಯ ಮುಂದೆ ನಿಲ್ಲಿಸಿ ನನಗೆ ಕುಂಕುಮ ಹಚ್ಚಿದರು, ನನ್ನ ಗಂಡನಿಗೆ ಬುದ್ಧಿ ಹೇಳಿದರು. ಅಂತೂ ನಾನು ರಾಜಧಾನಿಯನ್ನು ನೋಡಿದೆ! ಅರಮನೆಯ ಕಮಾನು, ಗುಡಿಯ ಕಂಬ, ಹಳೆಯ ಮನೆಗಳ ಬಾಗಿಲ ಮೇಲಿನ ಕೆತ್ತನೆ. ಒಂದೊಂದನ್ನೂ ಇಡೀ ದಿನ ನಿಂತು ನೋಡಬೇಕು, ಅಷ್ಟು ಚೆಂದ. ಆದರೆ ನಿಂತರೆ ಹಿಂದಿನವರು "ಮತ್ತ ಸಿಟ್ಟು ಬಂತೇನು ನೋಡ್ರಿ" ಎನ್ನುತ್ತಿದ್ದರು. ನಡೆಯುತ್ತಲೇ ನೋಡಿದೆ.

ಕಾಯಿ ಒಡೆಸಿ ಗುಡ್ಡದ ಅಂಚಿಗೆ ಬಂದೆವು. ಅಲ್ಲಿಂದ ಊರೆಲ್ಲ ಅಂಗೈಯಲ್ಲಿಟ್ಟ ಹಾಗೆ ಕಂಡಿತು. ಗುಡ್ಡಗಳ ಆಚೆ ಬಯಲು. ಬಯಲಿನಲ್ಲಿ ದೂರ, ಮಣ್ಣಿನದೊಂದು ಉದ್ದನೆಯ ಗೀರು. ಕಾಲುವೆ! ನನ್ನ ಗಂಡ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಈಗ ಅದನ್ನೇ ದಿಟ್ಟಿಸುತ್ತಿದ್ದರು. ಗಂಟಲಿನ ಗುಳ್ಳೆ ಮೇಲೆ ಕೆಳಗೆ ಆಡುತ್ತಿತ್ತು. ಮುತ್ಯಾ ಪಕ್ಕದಲ್ಲೇ ಇದ್ದ.

ನೋಡಲಾಗಲಿಲ್ಲ. "ಹೇಳ್ರಿ," ಎಂದೆ ಮೆಲ್ಲಗೆ.

ಅವರು ಒಮ್ಮೆ ಮುತ್ಯಾನ ಕಡೆ ನೋಡಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಅಗೋ ಆ ಗೀರು ಅದ ನೋಡು, ಅದು ನಮ್ಮದು. ಮಳಿಗಾಲದಾಗ ನೀರು ಬಿಟ್ಟ ಮ್ಯಾಲ ಬಾ, ಎರಡೂ ಕಡಿ ಹಸರ ಇರ್ತದ. ನಿನ್ನ ರಾಜರು ಇಷ್ಟು ಎತ್ತರ ನಿಂತು ಅದನ್ನ ನೋಡಲೇ ಇಲ್ಲ, ಪಾಪ."

ಹಿಂದಿದ್ದ ಹೆಂಗಸರಿಗೆ ಮಾತು ಕೇಳಿಸಲಿಲ್ಲ, ಪಿಸುಗುಟ್ಟಿದ್ದು ಕಂಡಿತು. ನಾಚಿ ಮುಖ ತಿರುಗಿಸಿದರು. ಚಿಗವ್ವ ದೃಷ್ಟಿ ತೆಗೆದಳು.

ಬಸ್ಸಿನವರೆಗೆ ಟ್ರಂಕು ಗಂಡನ ತಲೆಯ ಮೇಲೆ ಬಂತು. ಸಿದ್ದವ್ವ ಬಾಡಿಗೆ ಮುಟ್ಟಲಿಲ್ಲ. "ಗಂಡನ ಮನಿಗೆ ಹೊಂಟ ಹೆಣ್ಮಗಳ ಕಡಿಂದ ಬಾಡಿಗಿ ತಗೋತಾರೇನು?" ಎಂದು ನನ್ನ ಉಡಿ ತುಂಬಿದಳು. ನನ್ನ ಯೋಜನೆಯಲ್ಲಿ 'ಕಡಿಮೆ ಖರ್ಚು' ಎಂಬ ಒಂದಂಶ ಮಾತ್ರ ನಿರೀಕ್ಷೆ ಮೀರಿ ಯಶಸ್ವಿಯಾಯಿತು. ಜಗತ್ತಿನ ಯಾವ ರಾಜಧಾನಿ ಪ್ರವಾಸಿಗೆ ಊಟ ಹಾಕಿ, ಕಣ್ಣೀರು ಒರೆಸಿ, ಉಡಿ ತುಂಬಿ ಕಳಿಸುತ್ತದೆ? ಇದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ಗುರುತಿಲ್ಲದ ಒಬ್ಬಳು ದುಃಖದಲ್ಲಿದ್ದಾಳೆಂದು ಓಣಿಗೆ ಓಣಿಯೇ ರೊಟ್ಟಿ ಬಡಿಯಿತಲ್ಲ! ಆ ದೊರೆಗಳ ಮೇಲೆ ನನಗಿರುವ ಅಭಿಮಾನಕ್ಕಿಂತ ಆ ರೊಟ್ಟಿಗಳ ಮೇಲಿನ ಅಭಿಮಾನ ಒಂದು ಕೈ ಹೆಚ್ಚೇ.

ಕಾಲೇಜು ಶುರುವಾಯಿತು. ಸುರಪುರ ಸಂಸ್ಥಾನದ ಪಾಠ ಬಂದಾಗ ಹೊಸ ಹುರುಪಿನಿಂದ ಮಾಡಿದೆ. ಇನ್ನು ನಾನು ಪುಸ್ತಕ ಓದಿ ಹೇಳುವವಳಲ್ಲ, ಆ ರಾಜಧಾನಿಯಲ್ಲಿ ವಾಸ ಮಾಡಿ ಬಂದವಳು! ಬಂಡೆ, ಕಮಾನು, ಬಂಗಾರದ ರೇಕು, ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಹೇಳಿ, ಸೀಮೆಸುಣ್ಣದ ಕೈ ಒರೆಸಿಕೊಂಡು ಗಂಭೀರವಾಗಿ ಕೇಳಿದೆ: "ಯಾರಿಗಾದರೂ ಏನಾದರೂ ಕೇಳುವುದಿದೆಯೇ?"

ಸುರಪುರದಿಂದ ಬಸ್ಸಿನಲ್ಲಿ ಬಂದು ಹೋಗುವ ಒಬ್ಬ ಹುಡುಗಿ ಎದ್ದು ನಿಂತಳು. ಕಣ್ಣಲ್ಲಿ ನಿಜವಾದ ಕಾಳಜಿ.

"ಮೇಡಂ, ಸರ್ ಈಗ ನಿಮ್ಮನ್ನ ಬೇಸ್ ನೋಡ್ಕೊಳ್ಳಾಕತ್ತಾರಿಲ್ರಿ? ನಮ್ಮವ್ವ ಕೇಳ್ಕೊಂಡು ಬಾ ಅಂದಾಳ್ರಿ."

ಇಡೀ ತರಗತಿ ಬರೆಯುವುದನ್ನು ನಿಲ್ಲಿಸಿ, ಪೆನ್ನು ಕೆಳಗಿಟ್ಟು, ನನ್ನ ಉತ್ತರಕ್ಕಾಗಿ ಉಸಿರು ಬಿಗಿಹಿಡಿದು ಕಾಯಿತು. ಇತಿಹಾಸದ ಪಾಠವನ್ನು ಯಾವ ಮಕ್ಕಳೂ ಅಷ್ಟು ಶ್ರದ್ಧೆಯಿಂದ ಕೇಳಿದ್ದನ್ನು ನಾನು ಈವರೆಗೆ ಕಂಡಿಲ್ಲ!